ಆನೆಯ ಜಾಡು, ಅಂಕಿಯ ಪಾಠ

ಅಂಕಿ-ಅಂಶಗಳನ್ನು ಕೂಡಿಹಾಕಿ, ಹಸನುಮಾಡಿ, ಅವುಗಳಿಂದ ಅರ್ಥವನ್ನು ಹೊರಡಿಸುವ ಉದ್ಯೋಗವೆಂದೊಡನೆ ಬೆಂಗಳೂರಿನ ಗಾಜಿನ ಕಟ್ಟಡಗಳೂ ಅಲ್ಲಿ ಸಾಲಾಗಿ ಇರಿಸಿದ ಗಣಕಯಂತ್ರಗಳೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳಲ್ಲಿ ಇದೇ ಉದ್ಯೋಗವನ್ನು ನಡೆಸುವ ಜನರಿಗೆ ಗಾಜಿನ ಗೋಡೆಯಾಗಲಿ ತಂಪು ಕೋಣೆಯಾಗಲಿ ಇಲ್ಲ. ಮುಂಜಾನೆಯ ಮಂಜು ಕರಗುವ ಮುನ್ನವೇ ಅವರು ಕಾಫಿ ಗಿಡಗಳ ನಡುವೆ ನಡೆಯಲಾರಂಭಿಸುತ್ತಾರೆ. ಕೆಸರಿನಲ್ಲಿ ಮೂಡಿದ ಹೆಜ್ಜೆ, ಸೀಳಿ ಬಿದ್ದ ಬಗನಿ ಮರ, ಇನ್ನೂ ಹಬೆಯಾಡುತ್ತಿರುವ ಲದ್ದಿ, ಇವೇ ಅವರು ಓದುವ ಅಕ್ಷರಗಳು. ಓದಿದುದನ್ನು ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಅಲ್ಲಿಂದ ಸುದ್ದಿ ಮೊಬೈಲ್ ಫೋನುಗಳ ಮೂಲಕ ಊರೂರಿಗೆ ಹೋಗುತ್ತದೆ. ಇಂಥ ತೋಟದಲ್ಲಿ ಆನೆಗಳಿವೆ, ಇಂಥ ದಾರಿಯಲ್ಲಿ ಈಗ ಹೋಗಬೇಡಿ ಎಂಬುದು ಆ ಸುದ್ದಿ.

ಸುದ್ದಿ ತಡವಾದರೆ ಅಥವಾ ತಪ್ಪಾದರೆ ಆಗುವುದೇನು? ಎಂಟು ಗಂಟೆಗೆ ಲೈನ್ ಮನೆಗಳಿಂದ ತೋಟದ ಕೆಲಸಕ್ಕೆ ಹೊರಟ ಆಳುಗಳು ಒಂಟಿ ಸಲಗವೊಂದರ ಎದುರಿಗೆ ಹೋಗಿ ನಿಲ್ಲಬಹುದು. ಮಲೆನಾಡಿನ ತೋಟದ ದಾರಿ ನೇರವಾಗಿರುವುದಿಲ್ಲ. ತಿರುವಿನಾಚೆ ಏನಿದೆಯೆಂಬುದು ಕಾಣುವುದಿಲ್ಲ. ಈ ಭಾಗದಲ್ಲಿ ಹೀಗೆ ಪ್ರಾಣ ಕಳೆದುಕೊಂಡವರು ಹಲವರು. ಆದುದರಿಂದ ಜಾಡು ನೋಡುವವರ ಪುಸ್ತಕದಲ್ಲಿ ಬೀಳುವ ಒಂದೊಂದು ಅಂಕಿಯ ಬೆನ್ನಿಗೂ ಯಾರದೋ ಜೀವವುಂಟು. ಇಂಥ ತಂಡವೊಂದು ತಾನು ಬರೆದಿಟ್ಟ ಅಂಕಿಗಳಿಂದ ತಾನೇ ದಿನದಿನವೂ ಕಲಿಯುತ್ತ ಹೋಗುವುದು ಹೇಗೆ ಎಂಬುದು ಈ ಲೇಖನದ ವಿಷಯ. ಬ್ಯಾಂಕಿನಲ್ಲಿಯೋ ಕಾರ್ಖಾನೆಯಲ್ಲಿಯೋ ಅಂಕಿ-ಅಂಶಗಳ ವಿಭಾಗದಲ್ಲಿ ಮುಂದೆ ಕೆಲಸಮಾಡಲಿರುವ ವಿದ್ಯಾರ್ಥಿಗಳಿಗೆ ಆನೆಯೇಕೆ ಎಂದು ಅನ್ನಿಸಬಹುದು. ಮೇಜಿನ ಮುಂದೆ ಅಡಗಿ ಕುಳಿತಿರುವ ಎಷ್ಟೋ ದೋಷಗಳು ಬಯಲಿನಲ್ಲಿ ಬೇಗ ಕಣ್ಣಿಗೆ ಬೀಳುತ್ತವೆ ಎಂಬುದೇ ಇದಕ್ಕೆ ಉತ್ತರ.

ಮೊದಲು ನೆಲದ ಪರಿಚಯವಾಗಲಿ. ಸಕಲೇಶಪುರದ ಪಶ್ಚಿಮಕ್ಕೆ ಘಟ್ಟದ ದಟ್ಟ ಕಾಡು. ದಕ್ಷಿಣಕ್ಕೆ ಕೊಡಗಿನ ಕಾಡು ಹಾಗೂ ತೋಟಗಳು. ಪೂರ್ವಕ್ಕೆ ಇಳಿದಂತೆಲ್ಲ ಆಲೂರಿನ ಗದ್ದೆ, ಕೆರೆ, ಸಣ್ಣ ಸಣ್ಣ ಗುಡ್ಡಗಳು. ನಡುವೆ ಹೇಮಾವತಿ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹಿನ್ನೀರು ಹರಡಿ, ಈ ಭಾಗದ ನೆಲದ ರೂಪವೇ ಬದಲಾಯಿತು. ಇಲ್ಲಿನ ಆನೆ ದೊಡ್ಡ ಅಭಯಾರಣ್ಯವೊಂದರಲ್ಲಿ ನೆಲೆಸಿ ಆಗೊಮ್ಮೆ ಈಗೊಮ್ಮೆ ಹೊರಗೆ ಬರುವ ಆನೆಯಲ್ಲ. ಹಗಲು ಅಕೇಶಿಯಾ ಅಥವಾ ನೀಲಗಿರಿಯ ನೆಡುತೋಪಿನಲ್ಲಿಯೋ ಕಾಫಿ ತೋಟದ ದಟ್ಟ ಮೂಲೆಯಲ್ಲಿಯೋ ನಿಂತು, ಇರುಳು ಗದ್ದೆಗೂ ಕೆರೆಗೂ ನಡೆಯುತ್ತದೆ. ಮನುಷ್ಯನೂ ಆನೆಯೂ ಒಂದೇ ಮನೆಯ ಎರಡು ಪಾಳಿಯ ಕೆಲಸಗಾರರಂತೆ ಇದ್ದಾರೆ. ತೊಂದರೆಯಾಗುವುದು ಪಾಳಿ ಬದಲಾಗುವ ಹೊತ್ತಿನಲ್ಲಿ, ಅಂದರೆ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ.

ಈ ತೊಂದರೆಯನ್ನು ಪರಿಶೀಲಿಸಲು ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶದಂತೆ ಕಾರ್ಯಪಡೆಯೊಂದು ರಚಿತವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ 2012ರಲ್ಲಿ ವರದಿಯನ್ನು ಒಪ್ಪಿಸಿತು. ಆನೆಗಳನ್ನು ಉಳಿಸಿಕೊಳ್ಳಬೇಕಾದ ಪ್ರದೇಶ, ಮನುಷ್ಯರೊಡನೆ ಸಹಬಾಳ್ವೆಗೆ ಅವಕಾಶವಿರುವ ಪ್ರದೇಶ, ಆನೆಗಳನ್ನು ಹಿಡಿದು ಸಾಗಿಸಬೇಕಾದ ಪ್ರದೇಶ ಎಂದು ಅದು ನೆಲವನ್ನು ಮೂರಾಗಿ ವಿಂಗಡಿಸಿತು. ಆಲೂರಿನ ಭಾಗ ಮೂರನೆಯದರಲ್ಲಿ ಬಂದಿತು. 2014ರ ಸುಮಾರಿಗೆ ಇಲ್ಲಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. (2022ರ ಕೊನೆಯಲ್ಲಿ ಸರ್ಕಾರ ಹಾಸನ, ಕೊಡಗು, ಚಿಕ್ಕಮಗಳೂರು, ಮೈಸೂರು ಜಿಲ್ಲೆಗಳಿಗೆ ರಚಿಸಿದ ಆನೆ ಕಾರ್ಯಪಡೆಗಳು ಬೇರೆ, ಅವು ವರದಿ ಬರೆಯುವ ಸಮಿತಿಗಳಲ್ಲ, ಗಸ್ತು ತಿರುಗುವ ತಂಡಗಳು. ಒಂದೇ ಹೆಸರು ಓದುಗರನ್ನು ತಬ್ಬಿಬ್ಬುಗೊಳಿಸುತ್ತದೆ.)

ತೊಟ್ಟಿಯಲ್ಲಿ 22 ಬಿಂದಿಗೆ ನೀರಿದ್ದು, 22ನ್ನೂ ಮೊಗೆದರೆ ತೊಟ್ಟಿ ಬರಿದಾಗಬೇಕು. ಆಲೂರಿನಲ್ಲಿ ಹಾಗಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಬೇರೆ ಆನೆಗಳು ಈ ಎಡೆಗೆ ಬಂದು ನೆಲೆಯೂರಿದವು. ಮೇವೂ ನೀರೂ ಮರೆಯೂ ಇರುವ ಜಾಗ ತೊಟ್ಟಿಯಲ್ಲ, ಹೊಳೆಯ ಮಡು. ಮೊಗೆದಂತೆ ಮೇಲಿನಿಂದ ನೀರು ಬರುತ್ತದೆ. ಮೊದಲಿನ ಎಣಿಕೆ ತಪ್ಪಾಗಿತ್ತೆಂದು ಹೇಳಲಾಗದು. ಎಣಿಕೆಯ ಹಿಂದೆ ಇದ್ದ ಚಿತ್ರಣ ಪೂರ್ಣವಾಗಿರಲಿಲ್ಲ. ಅಂಕಿಯೊಡನೆ ಕೆಲಸಮಾಡುವವರು ಇವೆರಡರ ಭೇದವನ್ನು ಗಮನಿಸಬೇಕು.

ಆನಂತರ ಈ ಜಿಲ್ಲೆಯಲ್ಲಿ ಒತ್ತು ಬಿದ್ದುದು ಆನೆ ಎಲ್ಲಿದೆಯೆಂಬುದನ್ನು ಮುಂಚೆಯೇ ತಿಳಿಸುವ ವ್ಯವಸ್ಥೆಯ ಮೇಲೆ. ತಮಿಳುನಾಡಿನ ಆನೈಮಲೆ ಶ್ರೇಣಿಯ ವಾಲ್ಪಾರೈ ಚಹಾ ತೋಟಗಳಲ್ಲಿ, ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯ ವಿಜ್ಞಾನಿಗಳು ಇಂಥ ವ್ಯವಸ್ಥೆಯನ್ನು ಮೊದಲೇ ಕಟ್ಟಿದ್ದರು. ಆನೆ ಹತ್ತಿರದಲ್ಲಿದೆಯೆಂಬುದೇ ತಿಳಿಯದೆ ಎದುರು ಹೋದುದರಿಂದ ಅಲ್ಲಿ ಹೆಚ್ಚಿನ ಸಾವುಗಳು ಸಂಭವಿಸಿದ್ದುವೆಂದು ಅವರು ಕಂಡುಕೊಂಡರು. ಆಗ ಸ್ಥಳೀಯ ದೂರದರ್ಶನ ವಾಹಿನಿ, ಮೊಬೈಲ್ ಸಂದೇಶ, ದೂರದಿಂದಲೇ ಹೊತ್ತಿಸಬಹುದಾದ ಕೆಂಪು ದೀಪ, ಇವುಗಳನ್ನು ಬಳಸಿಕೊಂಡರು. ಅದೇ ಸಂಸ್ಥೆ ಅರಣ್ಯ ಇಲಾಖೆಯೊಡನೆ ಕೂಡಿ ಹಾಸನದಲ್ಲಿಯೂ ಕೆಲಸಮಾಡಿದೆ. ಆದರೆ ಚಹಾ ಗಿಡ ಸೊಂಟದೆತ್ತರ. ಆನೆ ಅಲ್ಲಿ ಮೈಲಿಯಾಚೆಯಿಂದ ಕಾಣುತ್ತದೆ. ಕಾಫಿ ನೆರಳಿನ ಬೆಳೆ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಕೆಳಗೆ ಆಳೆತ್ತರದ ರೊಬಸ್ಟಾ. ಹತ್ತು ಮಾರು ದೂರದ ಆನೆಯೂ ಇಲ್ಲಿ ಕಾಣದು. ಒಂದು ಊರಿನಲ್ಲಿ ಕಲಿತ ವಿದ್ಯೆಯನ್ನು ಇನ್ನೊಂದು ಊರಿಗೆ ಹಾಗೆಯೇ ಹೊತ್ತುಕೊಂಡು ಹೋಗಲಾಗುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಹೆಜ್ಜೆಯನ್ನು ಓದುವುದು

ಜಾಡಿನವರ ವಿದ್ಯೆಯಲ್ಲಿ ಊಹೆಯೂ ಉಂಟು, ಅಳತೆಯೂ ಉಂಟು. ಆನೆಯ ಮುಂಗಾಲಿನ ಗುರುತು ಹೆಚ್ಚು ದುಂಡಗೆ, ಹಿಂಗಾಲಿನದು ಉದ್ದಕ್ಕೆ ಅಂಡಾಕಾರ. ಮುಂಗಾಲಿನ ಗುರುತಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಭುಜದ ಎತ್ತರ ಸುಮಾರಾಗಿ ದೊರೆಯುತ್ತದೆ. ಹುರಿಯೊಂದರಿಂದ ಅಳೆದಾಗ ಸುತ್ತಳತೆ ನಾಲ್ಕಡಿ ಬಂದಿತೆನ್ನಿ. ಆ ಆನೆ ಎಂಟಡಿಯ ಆಸುಪಾಸಿನದು. ಏಷ್ಯದ ಆನೆಗಳ ವಿಷಯದಲ್ಲಿ ಈ ನಿಯಮವನ್ನು ಮಾವುತರೂ ವಿಜ್ಞಾನಿಗಳೂ ಬಹುಕಾಲದಿಂದ ಬಲ್ಲರು. ಆದರೆ ಹಸಿ ಕೆಸರಿನಲ್ಲಿ ಗುರುತು ಹಿಗ್ಗುತ್ತದೆ. ಇಳಿಜಾರಿನಲ್ಲಿ ಕಾಲು ಜಾರಿ ಉದ್ದವಾಗುತ್ತದೆ. ಗಟ್ಟಿ ನೆಲದಲ್ಲಿ ಅಂಚೇ ಸಿಗುವುದಿಲ್ಲ. ಆದುದರಿಂದ ಅಳತೆಯ ಪಕ್ಕದಲ್ಲಿ ನೆಲದ ಸ್ಥಿತಿಯನ್ನೂ ಬರೆಯದಿದ್ದರೆ ಆ ಅಳತೆ ಅರ್ಧ ಅಳತೆ.

ಲದ್ದಿಯೂ ಹೀಗೆಯೇ. ಬೆಳೆದ ಆನೆ ದಿನಕ್ಕೆ 150 ಕಿಲೋಗ್ರಾಮಿನಷ್ಟು ಮೇವು ತಿಂದು ಸುಮಾರು 15ರಿಂದ 20 ಬಾರಿ ಲದ್ದಿ ಹಾಕುತ್ತದೆ. ಲದ್ದಿಯ ತೇವ, ಬಿಸಿ, ಅದರೊಳಗೆ ಸೇರಿಕೊಂಡ ಹುಳುಗಳು, ಇವುಗಳಿಂದ ಆನೆ ಹಾದುಹೋಗಿ ಎಷ್ಟು ಹೊತ್ತಾಯಿತೆಂಬುದನ್ನು ಅಂದಾಜು ಮಾಡಬಹುದು. ಆಷಾಢದ ಮಳೆಯಲ್ಲಿ ಒಂದು ಗಂಟೆಯ ಲದ್ದಿಯೂ ಹಳೆಯದರಂತೆ ಕರಗಿ ಹೋಗಿರುತ್ತದೆ. ಮಾಘದ ನೆರಳಿನಲ್ಲಿ ಬೆಳಗಿನದು ಸಂಜೆಯವರೆಗೂ ಹೊಸದರಂತೆಯೇ ಇರಬಹುದು. ಇದನ್ನೆಲ್ಲ ಪುಸ್ತಕ ಓದಿ ಕಲಿಯುವುದು ಕಷ್ಟ. ಹಳಬನೊಬ್ಬನ ಹಿಂದೆ ಒಂದು ಮಳೆಗಾಲ, ಒಂದು ಬೇಸಗೆ ನಡೆದರೆ ಬರುತ್ತದೆ.

ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಪಟ್ಟಿಗಳನ್ನು ತೊಡಿಸಲಾಗಿದೆ. ಹಿಂಡನ್ನು ಹಿರಿಯ ಹೆಣ್ಣಾನೆ ನಡೆಸುವುದರಿಂದ ಒಂದಕ್ಕೆ ಪಟ್ಟಿ ತೊಡಿಸಿದರೆ ಇಡೀ ಹಿಂಡಿನ ಜಾಡು ದೊರೆಯುತ್ತದೆ. ಭುವನೇಶ್ವರಿ, ಬೀಟಮ್ಮ ಎಂಬ ಹಿಂಡುಗಳ ಹೆಸರು ಈ ಭಾಗದ ಪತ್ರಿಕೆಗಳನ್ನು ಓದುವವರಿಗೆ ಹೊಸತಲ್ಲ. ಆದರೆ ಪಟ್ಟಿ ಹೇಳುವುದು ಒಂದು ಆನೆಯ ಸ್ಥಾನವನ್ನು ಮಾತ್ರ, ಅದೂ ಗೊತ್ತಾದ ಅವಧಿಗೊಮ್ಮೆ. ಹಿಂಡು ಎರಡಾಗಿ ಒಡೆದರೆ ಒಡೆದ ಭಾಗ ನಕ್ಷೆಯಿಂದ ಮಾಯವಾಗುತ್ತದೆ. ಗಂಡಾನೆಗಳು ಒಂಟಿಯಾಗಿ ತಿರುಗುತ್ತವೆ. ಒಂದೊಂದಕ್ಕೂ ಬೇರೆ ಪಟ್ಟಿಯೇ ಬೇಕು. ಪಟ್ಟಿ ತೊಡಿಸುವುದು ಆಟದ ಮಾತಲ್ಲ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಸಲಗವೊಂದಕ್ಕೆ ಅರಿವಳಿಕೆ ಮದ್ದನ್ನು ಹಾರಿಸಲು ಹೋದ ನುರಿತ ಕೆಲಸಗಾರರೊಬ್ಬರು ಅದರ ದಾಳಿಗೆ ಸಿಕ್ಕಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಕಾಡಾನೆಯನ್ನು ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ, ಮೈಸೂರು ದಸರೆಯಲ್ಲಿ 8 ಬಾರಿ ಅಂಬಾರಿ ಹೊತ್ತಿದ್ದ ಅರ್ಜುನ ಮಡಿಯಿತು. ನಕ್ಷೆಯ ಮೇಲೆ ಮಿನುಗುವ ಒಂದು ಚುಕ್ಕೆಯ ಬೆಲೆ ಎಷ್ಟೆಂಬುದನ್ನು ಕಚೇರಿಯಲ್ಲಿ ಕುಳಿತವರು ಮರೆಯಬಾರದು.

ನೂರಕ್ಕೆ ಎಷ್ಟು ಸರಿ?

ಈಗ ಕಲಿಕೆಯ ಮಾತಿಗೆ ಬರೋಣ. ತಂಡವೊಂದು ಎಚ್ಚರಿಕೆಗಳನ್ನು ಕೊಡುತ್ತ ಹೋಗುತ್ತದೆ. ಆ ಕೆಲಸ ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ? ಲೆಕ್ಕಕ್ಕಾಗಿ ಒಂದು ಊರನ್ನೂ ಕೆಲವು ಅಂಕಿಗಳನ್ನೂ ಕಲ್ಪಿಸಿಕೊಳ್ಳೋಣ. 100 ದಿನಗಳಲ್ಲಿ 20 ದಿನ ಆನೆ ಊರ ಹತ್ತಿರ ಬಂದಿತು. ತಂಡ 40 ದಿನ ಎಚ್ಚರಿಕೆ ಕೊಟ್ಟಿತು. ಆ 40ರಲ್ಲಿ 18 ದಿನ ಆನೆ ನಿಜವಾಗಿ ಬಂದಿತು. 22 ದಿನ ಬರಲಿಲ್ಲ. ಎಚ್ಚರಿಕೆಯಿಲ್ಲದ 60 ದಿನಗಳಲ್ಲಿ 2 ದಿನ ಆನೆ ಹೇಳದೆ ಬಂದಿತು; ಉಳಿದ 58 ದಿನ ಯಾವ ಗದ್ದಲವೂ ಇಲ್ಲ.

ಒಟ್ಟು ಎಷ್ಟು ದಿನ ತಂಡದ ಮಾತು ಸರಿಯಾಯಿತು? 18ಕ್ಕೆ 58 ಕೂಡಿದರೆ 76. ನೂರಕ್ಕೆ ಎಪ್ಪತ್ತಾರು! ಪರೀಕ್ಷೆಯಾಗಿದ್ದರೆ ಪ್ರಥಮ ದರ್ಜೆ. ಆದರೆ ಕಂಬಳಿ ಹೊದ್ದು ಮಲಗಿದ ಸೋಮಾರಿಯೊಬ್ಬನನ್ನು ಈ ಕೆಲಸಕ್ಕೆ ನೇಮಿಸಿದ್ದರೆ? ಅವನು ಒಂದು ದಿನವೂ ಎಚ್ಚರಿಕೆ ಕೊಡುತ್ತಿರಲಿಲ್ಲ. ಆನೆ ಬಾರದ 80 ದಿನಗಳಲ್ಲಿ ಅವನ ಮೌನವೇ ಸರಿಯುತ್ತರ. ನೂರಕ್ಕೆ ಎಂಬತ್ತು! ಮಳೆಯಲ್ಲಿ ನೆನೆದು ಜಾಡು ಹಿಡಿದವರಿಗಿಂತ ಮಲಗಿದವನಿಗೆ ನಾಲ್ಕು ಅಂಕ ಹೆಚ್ಚು. ವಾಚಕರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅಪರೂಪದ ಘಟನೆಯನ್ನು ಅಳೆಯುವಾಗ ಒಟ್ಟು ಸರಿಯುತ್ತರಗಳ ಲೆಕ್ಕ ಹೀಗೆಯೇ ಮೋಸಗೊಳಿಸುತ್ತದೆ. ರೋಗಪರೀಕ್ಷೆಯಲ್ಲಿಯೂ ಬ್ಯಾಂಕಿನ ವಂಚನೆಯನ್ನು ಪತ್ತೆಹಚ್ಚುವುದರಲ್ಲಿಯೂ ಇದೇ ಕಥೆ.

ಆದುದರಿಂದ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಬಂದ ಆನೆಗಳಲ್ಲಿ ಎಷ್ಟನ್ನು ಮುಂಚೆ ಹೇಳಿದೆವು? ಇಪ್ಪತ್ತರಲ್ಲಿ ಹದಿನೆಂಟು, ಅಂದರೆ ನೂರಕ್ಕೆ 90. ಹೇಳಿದ ಎಚ್ಚರಿಕೆಗಳಲ್ಲಿ ಎಷ್ಟು ನಿಜವಾದುವು? ನಲವತ್ತರಲ್ಲಿ ಹದಿನೆಂಟು, ನೂರಕ್ಕೆ 45. ಸೋಮಾರಿಗೆ ಮೊದಲ ಪ್ರಶ್ನೆಯಲ್ಲಿ ಸೊನ್ನೆ. ನಮ್ಮ ತಂಡಕ್ಕೆ ಎರಡನೆಯದರಲ್ಲಿ ತೊಂದರೆ: ಎರಡು ಬಾರಿ ಎಚ್ಚರಿಸಿದರೆ ಒಂದು ಬಾರಿಗಿಂತ ಹೆಚ್ಚು ಸಲ ಅದು ಹುಸಿ. ಹುಸಿ ಎಚ್ಚರಿಕೆಗೂ ಬೆಲೆಯುಂಟು. ಅಂದು ಕೆಲಸ ನಿಂತರೆ ಆಳಿನ ಕೂಲಿ ಹೋಗುತ್ತದೆ. ನಾಲ್ಕು ಸಲ ಹುಸಿಯಾದರೆ ಐದನೆಯದನ್ನು ಯಾರೂ ಕೇಳುವುದಿಲ್ಲ. ತೋಳ ಬಂತು ತೋಳ ಎಂದ ಹುಡುಗನ ಕಥೆ ಎಲ್ಲರಿಗೂ ಗೊತ್ತು; ಅದರಲ್ಲಿ ಹುಡುಗ ಸುಳ್ಳುಗಾರ. ಇಲ್ಲಿ ಸುಳ್ಳಿಲ್ಲ, ಆದರೂ ಫಲ ಅದೇ.

ಹುಸಿಯನ್ನು ಕಡಮೆಮಾಡಲು ಎಚ್ಚರಿಕೆಯನ್ನು ಬಿಗಿಗೊಳಿಸಿದರೆ ತಪ್ಪಿಹೋಗುವ ಆನೆಗಳು ಹೆಚ್ಚುತ್ತವೆ. ಸಡಿಲಬಿಟ್ಟರೆ ಹುಸಿಗಳು ಹೆಚ್ಚುತ್ತವೆ. ಎರಡೂ ಒಟ್ಟಿಗೆ ಕಡಮೆಯಾಗುವ ದಾರಿ ಒಂದೇ: ತಂಡ ತನ್ನ ವಿದ್ಯೆಯನ್ನು ಹೆಚ್ಚಿಸಿಕೊಳ್ಳುವುದು. ಅದಕ್ಕೆ ಬೇಕಾದುದು ಪ್ರತಿದಿನದ ನುಡಿಯನ್ನು ಮರುದಿನದ ನಡೆಯೊಡನೆ ಇಟ್ಟು ನೋಡುವ ಅಭ್ಯಾಸ. ಹವಾಮಾನದವರು ಈ ವಿಷಯದಲ್ಲಿ ನಮಗೆ ಗುರುಗಳು. ನಾಳೆ ಮಳೆಯಾಗುವ ಸಂಭವ ನೂರಕ್ಕೆ 70 ಎಂದು ಅವರು ಹೇಳುತ್ತಾರೆ. ನಾಳೆ ಬಂದೇ ಬರುತ್ತದೆ, ಉತ್ತರವನ್ನು ಕೈಯಲ್ಲಿಡುತ್ತದೆ. ಇಂಥ ಸಂಭವನೀಯ ನುಡಿಗಳಿಗೆ ಅಂಕ ಕೊಡುವ ಒಂದು ವಿಧಾನವನ್ನು ಅಮೆರಿಕದ ಗ್ಲೆನ್ ಬ್ರೈಯರ್ 1950ರಲ್ಲಿಯೇ ಪ್ರಕಟಿಸಿದನು. ಜಾಡಿನ ತಂಡಕ್ಕೂ ಮರುದಿನವೇ ಉತ್ತರ ದೊರೆಯುತ್ತದೆ. ಅದು ಅದರ ಭಾಗ್ಯ. ಆದರೆ ನಿನ್ನೆ ಏನು ಹೇಳಿದೆವೆಂಬುದನ್ನು ಆನೆ ಬರುವ ಮುಂಚೆಯೇ ಬರೆದಿಟ್ಟಿರಬೇಕು. ಬಂದ ಮೇಲೆ ಬರೆದರೆ, ನಮಗೆಲ್ಲ ಮೊದಲೇ ಗೊತ್ತಿತ್ತು ಎಂದು ಮನಸ್ಸು ತಾನಾಗಿಯೇ ತಿದ್ದಿ ಬರೆಯುತ್ತದೆ.

ಸೊನ್ನೆಯೂ ಖಾಲಿ ಜಾಗವೂ

ದಾಖಲೆಯ ಪುಸ್ತಕದಲ್ಲಿ ಅತ್ಯಂತ ಅಪಾಯಕಾರಿಯಾದುದು ತಪ್ಪು ಅಂಕಿಯಲ್ಲ, ಖಾಲಿ ಬಿಟ್ಟ ಜಾಗ. ಒಂದು ದಿನದ ಸಾಲು ಬರಿದಾಗಿದೆ. ಅಂದು ಆ ತೋಟದಲ್ಲಿ ಆನೆ ಇರಲಿಲ್ಲವೆ? ಅಥವಾ ಅಂದು ಯಾರೂ ಹೋಗಿ ನೋಡಲಿಲ್ಲವೆ? ಕಚೇರಿಯಲ್ಲಿ ಗಣಕಯಂತ್ರಕ್ಕೆ ಏರಿಸುವವನು ಎರಡಕ್ಕೂ ಸೊನ್ನೆ ಹಾಕಿದನೆಂದರೆ, ಭಾರಿ ಮಳೆಯಿಂದ ಗಸ್ತು ನಿಂತ ಜುಲೈ ತಿಂಗಳು ಆನೆಯೇ ಇಲ್ಲದ ತಿಂಗಳಾಗಿ ನಕ್ಷೆಯಲ್ಲಿ ಮೂಡುತ್ತದೆ. ಮುಂದಿನ ವರ್ಷ ಜುಲೈಯಲ್ಲಿ ಕಾವಲು ಕಡಮೆ ಸಾಕೆಂದು ಯಾರೋ ತೀರ್ಮಾನಿಸುತ್ತಾರೆ. ಹೀಗೆ ಒಂದು ಖಾಲಿ ಚೌಕ ಮನುಷ್ಯನ ದಾರಿಯಲ್ಲಿ ಆನೆಯನ್ನು ತಂದು ನಿಲ್ಲಿಸಬಲ್ಲುದು. ನೋಡಿದೆ, ಇಲ್ಲ, ನೋಡಲಿಲ್ಲ, ಇವೆರಡಕ್ಕೆ ಎರಡು ಗುರುತುಗಳು ಇರಲೇಬೇಕು. ಅದರಂತೆಯೇ ಕಣ್ಣಾರೆ ಕಂಡದ್ದು, ಗುರುತುಗಳಿಂದ ಊಹಿಸಿದ್ದು, ಊರವರಿಂದ ಕೇಳಿದ್ದು ಎಂಬ ಮೂರು ಬಗೆಗಳನ್ನೂ ಬೆರೆಸಕೂಡದು. ಕೇಳಿದ ಸುದ್ದಿ ಹೀನವೆಂದಲ್ಲ. ಎಷ್ಟೋ ಸಲ ಮೇಸ್ತ್ರಿಯ ಕರೆಯೇ ಮೊದಲ ಸುದ್ದಿ. ಆದರೆ ಅದರ ನಂಬಿಕೆಯ ಮಟ್ಟ ಬೇರೆ.

ಇನ್ನೊಂದು ಬಲೆಯುಂಟು. ಬೆಳೆನಷ್ಟದ ಅರ್ಜಿಗಳನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಇಟ್ಟರೆ, ಎಲ್ಲಿ ಚುಕ್ಕೆ ಹೆಚ್ಚೋ ಅಲ್ಲಿ ಆನೆ ಹೆಚ್ಚೆಂದು ತೋರುತ್ತದೆ. ಅರ್ಜಿ ಹಾಕಲು ಪಹಣಿ ಬೇಕು, ಪೇಟೆಗೆ ಹೋಗಿಬರಲು ಬಿಡುವು ಬೇಕು, ಫೋನಿಗೆ ಸಂಕೇತ ಸಿಗಬೇಕು. ಇವಾವುವೂ ಇಲ್ಲದ ಮೂಲೆಯ ಹಳ್ಳಿಯಲ್ಲಿ ಗದ್ದೆ ತುಳಿದುಹೋಗಿದ್ದರೂ ಚುಕ್ಕೆ ಬೀಳುವುದಿಲ್ಲ. ನಕ್ಷೆ ತೋರಿಸುತ್ತಿರುವುದು ಆನೆಯ ನಡೆಯನ್ನಲ್ಲ, ಅರ್ಜಿಯ ನಡೆಯನ್ನು. ಇದನ್ನು ಮೊದಲು ಗುರುತಿಸಬಲ್ಲವನು ನಕ್ಷೆ ಬರೆದ ಪದವೀಧರನಲ್ಲ, ಆ ಹಳ್ಳಿಯ ದಾರಿಯಲ್ಲಿ ನಡೆದ ಕಾವಲುಗಾರ. ಆದರೆ ನಕ್ಷೆಯನ್ನು ಅವನಿಗೆ ತೋರಿಸುವವರಾರು? ತಂಡದ ಕಲಿಕೆಯೆಂದರೆ ಕಚೇರಿಯವರು ಬಯಲಿನವರಿಗೆ ತಿಂಗಳಿಗೊಮ್ಮೆ ಪಾಠ ಹೇಳುವುದೆಂದು ಬಹುಮಂದಿ ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಪಾಠ ಎರಡೂ ಕಡೆಗೆ ಹರಿಯಬೇಕು. ಮೊದಲು ಹರಿಯಬೇಕಾದುದು ಬಯಲಿನಿಂದ ಕಚೇರಿಗೆ.

ಇಂಥ ಹರಿವಿಗೆ ಹಳೆಯ ನಿದರ್ಶನವೊಂದಿದೆ. ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಗೆ 1899ರಲ್ಲಿ ಸೇರಿದ ವಿಲಿಯಂ ಗಾಸೆಟ್ ಎಂಬ ತರುಣನಿಗೆ ಬಾರ್ಲಿ ಮೊದಲಾದುವುಗಳ ಪರೀಕ್ಷೆಯಲ್ಲಿ ಒಂದು ತೊಡಕು ಎದುರಾಯಿತು. ಅವನ ಕೈಗೆ ಸಿಗುತ್ತಿದ್ದ ಮಾದರಿಗಳು ನಾಲ್ಕೋ ಐದೋ. ಅಂದಿನ ಸಂಖ್ಯಾಶಾಸ್ತ್ರಕ್ಕೆ ಬೇಕಾಗಿದ್ದುದು ನೂರಾರು. ಕಾರ್ಖಾನೆ ಅವನನ್ನು 1906ರಲ್ಲಿ ಲಂಡನ್ನಿನ ಕಾರ್ಲ್ ಪಿಯರ್ಸನ್ನನ ಬಳಿಗೆ ಓದಲು ಕಳುಹಿಸಿತು. 1908ರಲ್ಲಿ ಅವನು ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮದಿಂದ ಪ್ರಕಟಿಸಿದ ಲೇಖನದಿಂದ ಇಂದು ಕಾಲೇಜಿನಲ್ಲಿ ಕಲಿಸುವ ಟಿ-ಪರೀಕ್ಷೆ ಹುಟ್ಟಿತು. ವಿಶ್ವವಿದ್ಯಾನಿಲಯ ಕೇಳದ ಪ್ರಶ್ನೆಯನ್ನು ಕಾರ್ಖಾನೆಯ ನೆಲ ಕೇಳಿತ್ತು. ಕೆಲಸಗಾರನೊಬ್ಬನಿಗೆ ಓದಲು ಸಂಬಳ ಸಹಿತ ಬಿಡುವು ಕೊಟ್ಟ ಆ ಯಜಮಾನರ ಬುದ್ಧಿಯನ್ನೂ ಮೆಚ್ಚಬೇಕು.

ಇಬ್ಬರು ನೋಡುವುದರ ಲಾಭ

ನಮ್ಮ ದೇಶದಲ್ಲಿಯೇ ಪ್ರಶಾಂತಚಂದ್ರ ಮಹಾಲನೊಬಿಸ್ ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜುಮಾಡುವಾಗ ಒಂದೇ ಪ್ರದೇಶಕ್ಕೆ ಇಬ್ಬರು ಬೇರೆಬೇರೆ ಸಮೀಕ್ಷಕರು, ಒಬ್ಬರಿಗೊಬ್ಬರು ತಿಳಿಸದೆ, ಹೋಗಿ ಅಳೆಯುವ ಏರ್ಪಾಡನ್ನು ಅವರು ಬಳಕೆಗೆ ತಂದರು. ಇಬ್ಬರ ಅಂಕಿಗಳು ಹೊಂದಿದರೆ ನಂಬಿಕೆ ಹೆಚ್ಚುತ್ತದೆ. ಹೊಂದದಿದ್ದರೆ ಎಲ್ಲಿ ಎಡವಿದೆವೆಂದು ಹುಡುಕಬಹುದು. ಆಳಿನ ಮೇಲೆ ಅನುಮಾನಪಡುವ ಉಪಾಯ ಇದಲ್ಲ. ಅಳತೆಯನ್ನೇ ಅಳೆಯುವ ಉಪಾಯ ಇದು.

ಆನೆಯ ಎಣಿಕೆಯಲ್ಲಿ ಇದರಿಂದ ಇನ್ನೊಂದು ಸೊಗಸಾದ ಲಾಭವಿದೆ. ಒಂದು ಗುಡ್ಡದ ಸುತ್ತ ಎರಡು ತಂಡಗಳು ಒಂದೇ ದಿನ ಬೇರೆಬೇರೆಯಾಗಿ ನೋಡಿದುವೆನ್ನೋಣ. ಕಿವಿಯ ಅಂಚಿನ ಹರಕು, ದಂತದ ಡೊಂಕು, ಬಾಲದ ಕೂದಲು, ಇಂಥ ಗುರುತುಗಳಿಂದ ಒಂದೊಂದು ಆನೆಯನ್ನೂ ಬೇರೆಯಾಗಿ ತಿಳಿಯಬಹುದು. ಮೊದಲ ತಂಡ 12 ಆನೆಗಳನ್ನು ಕಂಡಿತು, ಎರಡನೆಯದು 10, ಎರಡಕ್ಕೂ ಕಂಡವು 8. ಹಾಗಾದರೆ ಗುಡ್ಡದಲ್ಲಿರುವ ಆನೆಗಳೆಷ್ಟು? ಎರಡನೆಯ ತಂಡ ಕಂಡ 10ರಲ್ಲಿ 8 ಮೊದಲನೆಯದಕ್ಕೆ ಸಿಕ್ಕಿದ್ದುವು. ಅಂದರೆ ಮೊದಲನೆಯ ತಂಡದ ಕಣ್ಣು ಐದರಲ್ಲಿ ನಾಲ್ಕನ್ನು ಹಿಡಿಯುತ್ತದೆ. ಅದು ಹಿಡಿದುದು 12. ಆದುದರಿಂದ ಒಟ್ಟು 15. ಎರಡೂ ತಂಡಗಳು ಸೇರಿ ಕಂಡ ಬೇರೆಬೇರೆ ಆನೆಗಳು 12ಕ್ಕೆ 10 ಕೂಡಿ 8 ಕಳೆದರೆ 14. ಯಾರ ಕಣ್ಣಿಗೂ ಬೀಳದ ಒಂದು ಆನೆ ಅಲ್ಲಿರಬಹುದೆಂದು ಲೆಕ್ಕ ಹೇಳುತ್ತಿದೆ! ಕಾಣದುದನ್ನು ಎಣಿಸುವ ಈ ವಿದ್ಯೆ ನಿಲ್ಲುವುದು ಒಂದು ಷರತ್ತಿನ ಮೇಲೆ: ಎರಡು ತಂಡಗಳೂ ನಿಜವಾಗಿ ಸ್ವತಂತ್ರವಾಗಿ ನೋಡಿರಬೇಕು. ಚಹಾ ಅಂಗಡಿಯಲ್ಲಿ ಮೊದಲೇ ಭೇಟಿಯಾಗಿ ಮಾತನಾಡಿಕೊಂಡಿದ್ದರೆ ಲೆಕ್ಕ ಕೆಡುತ್ತದೆ.

ಇದೇ ತತ್ತ್ವದ ಹಿರಿಯ ರೂಪವನ್ನು ದೇಶದ ಆನೆಗಣತಿಯಲ್ಲಿ ಕಾಣಬಹುದು. ಕರ್ನಾಟಕದಲ್ಲಿ 2017ರ ಗಣತಿಯಂತೆ 6,049 ಆನೆಗಳು, 2023ರಲ್ಲಿ 6,395. ಅನಂತರ 2025ರ ಅಕ್ಟೋಬರಿನಲ್ಲಿ ಪ್ರಕಟವಾದ ಅಖಿಲ ಭಾರತ ಅಂದಾಜಿನಲ್ಲಿ ರಾಜ್ಯದ ಸಂಖ್ಯೆ 6,013. ಹಾಗಾದರೆ ಎರಡು ವರ್ಷಗಳಲ್ಲಿ ಮುನ್ನೂರ ಎಂಬತ್ತೆರಡು ಆನೆಗಳು ಹೋದುವೆ? ಹಾಗೆ ಕಳೆಯುವುದು ತಪ್ಪು. ಹೊಸ ಅಂದಾಜು ಲದ್ದಿಯಿಂದ ತೆಗೆದ ಡಿ.ಎನ್.ಎ.ಯನ್ನು ಓದಿ, ಒಂದೇ ಆನೆ ಮತ್ತೆ ಮತ್ತೆ ಸಿಗುವ ಪ್ರಮಾಣದಿಂದ ಒಟ್ಟು ಸಂಖ್ಯೆಯನ್ನು ಲೆಕ್ಕಹಾಕುತ್ತದೆ. ಸೇರು ಬದಲಾದಾಗ ಹಳೆಯ ಸೇರಿನ ಅಕ್ಕಿಯೊಡನೆ ಹೊಸ ಸೇರಿನ ಅಕ್ಕಿಯನ್ನು ಹೋಲಿಸಲಾಗದು. ಇಡೀ ದೇಶಕ್ಕೆ ಅದು ಕೊಟ್ಟ 22,446 ಎಂಬ ಸಂಖ್ಯೆಯೊಡನೆ 18,255ರಿಂದ 26,645ರವರೆಗೆ ಎಂಬ ವ್ಯಾಪ್ತಿಯನ್ನೂ ಕೊಟ್ಟಿದೆ. ಪತ್ರಿಕೆಗಳ ತಲೆಬರಹದಲ್ಲಿ ಆ ವ್ಯಾಪ್ತಿಗೆ ಜಾಗವಿರುವುದಿಲ್ಲ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿ ಮೊದಲು ಹುಡುಕಬೇಕಾದುದು ಅದನ್ನೇ.

ತಪ್ಪನ್ನು ಹೇಳುವ ಧೈರ್ಯ

ತಂಡದ ಕಲಿಕೆಗೆ ಯಂತ್ರಗಳಿಗಿಂತ ಮುಖ್ಯವಾದುದು ಒಂದಿದೆ. ಜಾಡು ತಪ್ಪಿದವನು, ತಪ್ಪಿದೆನೆಂದು ಹೇಳಬಲ್ಲನೆ? ಹೇಳಿದರೆ ಕೆಲಸ ಹೋಗುತ್ತದೆಂಬ ಅಂಜಿಕೆಯಿದ್ದರೆ ಅವನು ಹೇಳುವುದಿಲ್ಲ. ಅಷ್ಟೇ ಅಲ್ಲ, ಮರುದಿನದಿಂದ ಅನುಮಾನವಿದ್ದಲ್ಲೆಲ್ಲ ಆನೆಯಿದೆ ಎಂದೇ ಬರೆಯತೊಡಗುತ್ತಾನೆ. ಹುಸಿಗಳು ಏರುತ್ತವೆ. ವಿಮಾನಯಾನದವರು ಇದನ್ನು ಬೇಗ ಅರಿತುಕೊಂಡರು. ಅಮೆರಿಕದಲ್ಲಿ 1976ರಿಂದ ವಿಮಾನ ಚಾಲಕರು ತಮ್ಮ ತಪ್ಪುಗಳನ್ನೂ ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನೂ ವರದಿಮಾಡುವುದು ಶಿಕ್ಷೆ ವಿಧಿಸುವ ಇಲಾಖೆಗಲ್ಲ, ನಾಸಾ ಸಂಸ್ಥೆಗೆ. ಅಲ್ಲಿ ವರದಿಯಿಂದ ಹೆಸರನ್ನು ತೆಗೆದುಹಾಕಿ ವಿಷಯವನ್ನಷ್ಟೇ ಉಳಿಸಿಕೊಳ್ಳುತ್ತಾರೆ.

ಕಾಡಿನಂಚಿನ ಕೆಲಸಗಳಲ್ಲಿ ಜಾಡಿನವರು ಬಹುಮಟ್ಟಿಗೆ ಹಂಗಾಮಿ ನೌಕರರು. ಸಂಬಳ ಅಲ್ಪ, ಕೆಲಸ ಮುಂದುವರಿಯುವ ಭರವಸೆ ಇನ್ನೂ ಅಲ್ಪ. ಐದು ವರ್ಷ ನಡೆದು ಐವತ್ತು ಆನೆಗಳ ಗುರುತು ಹಿಡಿಯಬಲ್ಲವನು ಬೇಸತ್ತು ಬೆಂಗಳೂರಿನ ಕಾವಲು ಕೆಲಸಕ್ಕೆ ಹೋದರೆ, ಅವನೊಡನೆ ಒಂದು ಗ್ರಂಥಾಲಯವೇ ಬಸ್ಸು ಹತ್ತುತ್ತದೆ. ಅವನು ಬರೆದಿಟ್ಟ ಅಂಕಿಗಳೇನೋ ಉಳಿಯುತ್ತವೆ. ಒಂದು ಗುರುತನ್ನು ಕಂಡು ಅವನು ಏಕೆ ಹಾಗೆ ತೀರ್ಮಾನಿಸಿದನೆಂಬುದು ಉಳಿಯುವುದಿಲ್ಲ. ಆದುದರಿಂದ ತೀರ್ಮಾನದ ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲು ಬರೆಸುವುದು, ಹೊಸಬನನ್ನು ಹಳಬನೊಡನೆ ಜೋಡಿಯಾಗಿ ಕಳುಹಿಸುವುದು, ವಾರಕ್ಕೊಮ್ಮೆ ತಪ್ಪಿದ ಎಚ್ಚರಿಕೆಗಳನ್ನು ಮುಂದಿಟ್ಟುಕೊಂಡು ಹೆಸರೆತ್ತದೆ ಮಾತನಾಡುವುದು, ಇವನ್ನೆಲ್ಲ ಕೆಲಸದ ವೇಳೆಯೊಳಗೇ, ಕೂಲಿ ಸಹಿತ, ಮಾಡಿಸಬೇಕು. ಕೆಲಸ ಮುಗಿದ ಮೇಲೆ ಬಂದು ಕಲಿಯಿರಿ ಎನ್ನುವ ಸಂಸ್ಥೆ ಕಲಿಕೆಗೆ ಬೆಲೆ ಕೊಟ್ಟಂತಾಗಲಿಲ್ಲ.

ಒಮ್ಮೆ ಕಲಿತರೆ ಸಾಲದೆ, ಎಂದು ಕೇಳಬಹುದು. ಸಾಲದು; ಏಕೆಂದರೆ ಇಲ್ಲಿ ಅಳೆಯಲ್ಪಡುವ ಪ್ರಾಣಿಯೇ ಕಲಿಯುತ್ತಿದೆ. ಸೋಲಾರ್ ಬೇಲಿಯ ತಂತಿಗೆ ಸೊಂಡಿಲು ತಾಗಿದರೆ ಹೊಡೆತ ಬೀಳುತ್ತದೆ. ದಂತದಲ್ಲಿ ವಿದ್ಯುತ್ತು ಹರಿಯದೆಂಬುದನ್ನು ಸಲಗಗಳು ಕಂಡುಕೊಂಡು ದಂತದಿಂದಲೇ ತಂತಿಯನ್ನು ಕೀಳುತ್ತವೆ. ಮರವನ್ನು ಬೇಲಿಯ ಮೇಲೆ ಉರುಳಿಸಿ ದಾಟುತ್ತವೆ. ಹಲಸು ಹಣ್ಣಾಗುವ ಕಾಲಕ್ಕೆ ಒಂದು ದಾರಿ, ಬತ್ತ ತೆನೆಗಟ್ಟಿದಾಗ ಇನ್ನೊಂದು. ಹೋದ ವರ್ಷದ ನಕ್ಷೆಯನ್ನು ನಂಬಿ ಈ ವರ್ಷ ಕಾವಲಿಡುವವನು ಆನೆಗಿಂತ ಒಂದು ತರಗತಿ ಹಿಂದಿರುತ್ತಾನೆ.

ವಾಚಕರಲ್ಲಿ ಆಸಕ್ತಿಯುಳ್ಳವರು ಆನೆಯಿಲ್ಲದೆಯೇ ಈ ಅಭ್ಯಾಸವನ್ನು ಮಾಡಬಹುದು. ಮಲೆನಾಡಿನ ಬಹಳಷ್ಟು ತೋಟದ ಮನೆಗಳಲ್ಲಿ ಮಳೆಮಾಪಕವಿರುತ್ತದೆ. ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಪುಸ್ತಕಗಳೂ ಇರುತ್ತವೆ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರು. ಶಾಲೆಯ ಅಂಗಳದಲ್ಲಿ, ಮರ-ಗೋಡೆಗಳಿಂದ ದೂರವಾಗಿ, ಒಂದು ಮಾಪಕವನ್ನು ನೆಡಿರಿ. ಇಬ್ಬರು ವಿದ್ಯಾರ್ಥಿಗಳು, ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನೋಡದೆ, ದಿನವೂ ಬೆಳಗ್ಗೆ ಎಂಟೂವರೆಗೆ ಅಳೆದು ಬರೆಯಲಿ. ಭಾರತದ ಹವಾಮಾನ ಇಲಾಖೆಯ ದಿನದ ಲೆಕ್ಕವೂ ಆ ಹೊತ್ತಿಗೇ. ಇಬ್ಬರೂ ಅಳೆದ ಮೇಲೆಯೇ ನೀರನ್ನು ಚೆಲ್ಲಬೇಕು. ಅದರ ಪಕ್ಕದಲ್ಲಿ ನಾಳೆ ಮಳೆ ಬರುವ ಸಂಭವ ನೂರಕ್ಕೆ ಎಷ್ಟೆಂದು ತಮ್ಮ ಅಂದಾಜನ್ನೂ ಬರೆಯಲಿ. ಮಳೆಯಿಲ್ಲದ ದಿನಕ್ಕೆ ಸೊನ್ನೆ, ಅಳೆಯದ ದಿನಕ್ಕೆ ಅಡ್ಡಗೆರೆ. ಮೂರು ತಿಂಗಳಾದ ಮೇಲೆ, ನೂರಕ್ಕೆ 70 ಎಂದು ಬರೆದ ದಿನಗಳನ್ನೆಲ್ಲ ಒಟ್ಟುಗೂಡಿಸಿ, ಅವುಗಳಲ್ಲಿ ಎಷ್ಟು ದಿನ ಮಳೆ ಬಂದಿತೆಂದು ಎಣಿಸಿರಿ. ಭಾನುವಾರಗಳಲ್ಲಿ ಅಡ್ಡಗೆರೆ ಎಷ್ಟಿವೆಯೆಂಬುದನ್ನೂ ಎಣಿಸಿರಿ.